ಮೆಷಿನ್‌ಗನ್: ತಪ್ಪಿಹೋದ ಒಂದು ಲೆಕ್ಕ

ಬಂದೂಕು ಹಾರಿಸಿದಾಗ ಗುಂಡು ಮುಂದಕ್ಕೆ ಚಿಮ್ಮುತ್ತದೆ, ಬಂದೂಕು ಹಿಂದಕ್ಕೆ ಒದೆಯುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ತರಗತಿಯಲ್ಲಿ ನಾವು ಕೊಡುವ ಮಾಮೂಲಿ ಉದಾಹರಣೆ ಇದು. ತಾನೇ ತಾನಾಗಿ ಗುಂಡು ಹಾರಿಸುವ ಮೆಷಿನ್‌ಗನ್ ಹುಟ್ಟಿದ್ದು ಈ ಒದೆತದಿಂದಲೇ.

ಅದಕ್ಕೂ ಮೊದಲು, 1862ರಲ್ಲಿ, ಅಮೆರಿಕದ ರಿಚರ್ಡ್ ಗ್ಯಾಟ್ಲಿಂಗ್ ಹಲವು ನಳಿಗೆಗಳ ಬಂದೂಕಿಗೆ ಪೇಟೆಂಟ್ ಪಡೆದ. ಹಿಡಿಕೆ ತಿರುಗಿಸಿದರೆ ನಳಿಗೆಗಳು ಸುತ್ತುತ್ತ ಒಂದಾದ ಮೇಲೊಂದು ಗುಂಡು ಹಾರಿಸುತ್ತಿದ್ದವು. ಗ್ಯಾಟ್ಲಿಂಗ್ ವೈದ್ಯಶಾಸ್ತ್ರ ಓದಿದವನು. ಅಂತರ್ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಕಾಯಿಲೆಯಿಂದಲೇ ಹೆಚ್ಚು ಸಾಯುವುದನ್ನು ಕಂಡಿದ್ದ. ನೂರು ಜನರ ಕೆಲಸ ಒಬ್ಬನೇ ಮಾಡಿದರೆ ದೊಡ್ಡ ಸೈನ್ಯವೇ ಬೇಡ, ಸಾವೂ ಕಡಿಮೆ ಎಂಬುದು ಅವನ ಲೆಕ್ಕ.

1884ರಲ್ಲಿ ಲಂಡನ್ನಿನಲ್ಲಿದ್ದ ಹೈರಮ್ ಮ್ಯಾಕ್ಸಿಂ ಹಿಡಿಕೆಯನ್ನೂ ಬಿಟ್ಟ. ಒದೆತದ ಶಕ್ತಿಯಿಂದಲೇ ಖಾಲಿ ತೋಟಾ ಹೊರಬಿದ್ದು ಹೊಸದು ಒಳಸೇರುವಂತೆ ಮಾಡಿದ. ನಿಮಿಷಕ್ಕೆ ಸುಮಾರು 600 ಗುಂಡು! ಕಾದ ನಳಿಗೆಯನ್ನು ತಣಿಸಲು ಸುತ್ತಲೂ ನೀರಿನ ಕವಚ. ಮುಂದೆ, ಸಿಡಿದ ಮದ್ದಿನ ಅನಿಲದ ಒತ್ತಡದಿಂದ ನಡೆಯುವ ಬಗೆಯೂ ಬಂತು. ಮುಕ್ಕಾಲಿಯ ಮೇಲಿಡುವ ಭಾರದ ಗನ್ನುಗಳ ಜೊತೆಗೆ ಒಬ್ಬನೇ ಹೊತ್ತೊಯ್ಯುವ ಹಗುರ ಗನ್ನುಗಳೂ ಬಂದವು.

ಸೈನ್ಯ ಚಿಕ್ಕದಾಯಿತೆ? ಇಲ್ಲ. ಎಲ್ಲ ದೇಶಗಳೂ ಅದೇ ಯಂತ್ರ ಕೊಂಡವು, ಸೈನ್ಯಗಳು ಇನ್ನೂ ಬೆಳೆದವು. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ಬಳಿ ಜರ್ಮನ್ನರ ಮೆಷಿನ್‌ಗನ್ನು, ಫಿರಂಗಿಗಳೆದುರು ಮುನ್ನುಗ್ಗಿದ ಬ್ರಿಟಿಷ್ ಸೈನ್ಯದಲ್ಲಿ 19 ಸಾವಿರಕ್ಕೂ ಹೆಚ್ಚು ಮಂದಿ ಒಂದೇ ದಿನ ಮಡಿದರು.

ಶ್ರೀಹರಿಕೋಟೆಯಿಂದ ರಾಕೆಟ್ ಮೇಲೇರುವುದೂ ನ್ಯೂಟನ್ನನ ಅದೇ ನಿಯಮದಿಂದ. ನಿಯಮವನ್ನು ನಾವು ಶಾಲೆಯಲ್ಲಿ ಕಲಿಸುತ್ತೇವೆ. ಅದನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ಮಕ್ಕಳು ಮನೆಯಲ್ಲೂ ಕಲಿಯಬೇಕು.