ಕಡಲ ಪಕ್ಕದ ಮನೆಯಲ್ಲಿ ಒಣಗುವ ಓಕ್ ನೆಲ

ಅಮೆರಿಕದ ಬಾಸ್ಟನ್ನಿನ ಕಡಲಂಚಿನ ಬಡಾವಣೆಗಳಾದ ಡಾರ್ಚೆಸ್ಟರ್, ಸೌತ್ ಬಾಸ್ಟನ್, ಈಸ್ಟ್ ಬಾಸ್ಟನ್‌ಗಳಲ್ಲಿ ಮೂರಂತಸ್ತಿನ ಹಳೆಯ ಮರದ ಮನೆಗಳು ಸಾಲುಸಾಲಾಗಿ ನಿಂತಿವೆ. ಅಲ್ಲಿನವರು ಇವನ್ನು ‘ಟ್ರಿಪಲ್ ಡೆಕರ್’ ಎನ್ನುತ್ತಾರೆ, ಅಂತಸ್ತಿಗೊಂದು ಸಂಸಾರ. ಇಂಥ ಮನೆಗಳಿಗೆ ಓಕ್ ಹಲಗೆಯ ನೆಲವೇ ದೊಡ್ಡ ಆಕರ್ಷಣೆ. ನಗರದ ಬಹುಪಾಲು ಬಾಡಿಗೆ ಕರಾರುಗಳು ಸೆಪ್ಟೆಂಬರ್ 1ಕ್ಕೆ ಶುರುವಾಗುವುದರಿಂದ ಮನೆ ನೋಡಲು ಬರುವವರು ಬರುವುದು ಬೇಸಿಗೆಯಲ್ಲಿ. ಆಗ ಹಲಗೆಗಳು ಒಂದಕ್ಕೊಂದು ಒತ್ತಿಕೊಂಡು ಥಳಥಳಿಸುತ್ತಿರುತ್ತವೆ. ಜನವರಿಯಲ್ಲಿ ಅದೇ ಹಲಗೆಗಳ ನಡುವೆ ಎಟಿಎಂ ಕಾರ್ಡು ತೂರುವಷ್ಟು ಸಂದಿ ಬಿಟ್ಟಿರುತ್ತದೆ.

ಕಿಟಕಿಯಾಚೆಗೆ ಸಮುದ್ರ, ಒಳಗೆ ನೆಲ ಒಣಗಿ ಬಿರುಕು! ಲೆಕ್ಕ ಹಾಕಿದರೆ ಇದರಲ್ಲಿ ಸೋಜಿಗವೇನಿಲ್ಲ. ತಣ್ಣನೆಯ ಗಾಳಿಯಲ್ಲಿ ನೀರಾವಿ ಇರುವುದೇ ಅಲ್ಪ. ಹೊರಗೆ ಸೊನ್ನೆ ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇ. 70 ಇದೆ ಎನ್ನೋಣ. ಆ ಗಾಳಿಯನ್ನೇ ಒಳಗೆಳೆದು 21 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಶೇ. 17ರ ಆಸುಪಾಸಿಗೆ ಕುಸಿಯುತ್ತದೆ. ಅಡುಗೆಯ ಹಬೆ, ಸ್ನಾನದ ಹಬೆ ಸೇರಿ ಕೊಂಚ ಏರೀತು, ಅಷ್ಟೆ. ಬೇಸಿಗೆಯಲ್ಲಿ ಕಡಲ ಗಾಳಿಗೆ ಕಿಟಕಿ ತೆರೆದಿಟ್ಟರೆ ಒಳಗಿನ ಆರ್ದ್ರತೆ ಶೇ. 70 ದಾಟುವುದುಂಟು. ಮರಕ್ಕೆ ಲೆಕ್ಕ ಕೋಣೆಯೊಳಗಿನ ಗಾಳಿಯದು, ಕಡಲು ಎಷ್ಟು ಹತ್ತಿರವಿದೆ ಎಂಬುದಲ್ಲ.

ಕಡಿದು, ಒಣಗಿಸಿ, ಪಾಲಿಶ್ ಹಾಕಿದ ಮೇಲೂ ಮರದ ಜೀವಕೋಶಗಳ ಗೋಡೆಗಳು ನೀರಾವಿಯನ್ನು ಹೀರುತ್ತ, ಬಿಡುತ್ತ ಇರುತ್ತವೆ. ಮಳೆಗಾಲದಲ್ಲಿ ಮಲೆನಾಡಿನ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ. ಹಿಗ್ಗುವಿಕೆ ಎಲ್ಲ ದಿಕ್ಕಿನಲ್ಲೂ ಸಮನಲ್ಲ. ಉದ್ದಕ್ಕೆ ಅದು ಗಣನೆಗೇ ಬಾರದು, ಅಡ್ಡಕ್ಕೆ ಬಹಳ. ಅದರಲ್ಲೂ ವರ್ಷಬಳೆಗಳ ಗುಂಟ ಅತಿ ಹೆಚ್ಚು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 1910ರಲ್ಲಿ ಶುರುವಾದ ಸರ್ಕಾರಿ ಅರಣ್ಯ ಉತ್ಪನ್ನ ಪ್ರಯೋಗಾಲಯ ಮರಮರದ ಈ ಅಂಕಿಗಳನ್ನು ಅಳೆದು ಪಟ್ಟಿ ಮಾಡಿದೆ. ಆ ಪ್ರಕಾರ 57 ಮಿಲಿಮೀಟರ್ ಅಗಲದ ಸಾಮಾನ್ಯ ಕೆಂಪು ಓಕ್ ಹಲಗೆಯ ತೇವಾಂಶ ಶೇ. 12ರಿಂದ 6ಕ್ಕೆ ಇಳಿದರೆ ಅದು ಸುಮಾರು 1.3 ಮಿ.ಮೀ. ಕುಗ್ಗುತ್ತದೆ. ನಾಲ್ಕು ಮೀಟರ್ ಅಗಲದ ಕೋಣೆಯಲ್ಲಿ ಇಂಥ 70 ಹಲಗೆ. ಒಟ್ಟು ಕುಗ್ಗುವಿಕೆ ಒಂಬತ್ತು ಸೆಂಟಿಮೀಟರ್! ಪ್ರತಿ ಹಲಗೆಗೂ ಮೊಳೆ ಹೊಡೆದಿರುವುದರಿಂದ ಅದು ಒಂದೇ ಕಡೆ ಬಾಯಿ ಬಿಡದೆ ಸಂದಿಸಂದಿಗೆ ಹಂಚಿಹೋಗುತ್ತದೆ. ಬೇಸಿಗೆಗೆ ಬಹುಪಾಲು ಸಂದಿಗಳು ತಾವೇ ಮುಚ್ಚಿಕೊಳ್ಳುತ್ತವೆ. ಚಳಿಗಾಲದಲ್ಲಿ ಅವಸರಪಟ್ಟು ಅವಕ್ಕೆ ಲಪ್ಪ ತುಂಬುವ ಮಾಲೀಕನಿಗೆ ಜುಲೈನಲ್ಲಿ ಬುದ್ಧಿ ಬರುತ್ತದೆ: ಹಿಗ್ಗಲು ಜಾಗ ಸಾಲದೆ ಹಲಗೆ ಆ ಲಪ್ಪವನ್ನು ಮೇಲಕ್ಕೆ ಉಗುಳುತ್ತದೆ.

ನಿಜಕ್ಕೂ ಹೆದರಬೇಕಾದದ್ದು ಹಲಗೆಯ ಎರಡು ಅಂಚೂ ಎದ್ದು ನಡು ತಗ್ಗಾದಾಗ. ಅಡಿಭಾಗ ಮೇಲ್ಭಾಗಕ್ಕಿಂತ ಒದ್ದೆಯಾಗಿದೆ ಎಂದು ಅದರರ್ಥ. ಕಡಲಂಚಿನಲ್ಲಿ ನೆಲಮಹಡಿಯ ಕೆಳಗಿನ ನೆಲಮಾಳಿಗೆ ಜಿನುಗುವುದು ಸಾಮಾನ್ಯ. ತೇವ ಆರುವ ಮೊದಲೇ ಉಜ್ಜಿ ಸಮ ಮಾಡಿಸಿದರೆ, ಒಣಗಿದ ಮೇಲೆ ಹಲಗೆಯ ನಡುಭಾಗವೇ ಡುಬ್ಬವಾಗಿ ನಿಲ್ಲುತ್ತದೆ. ಮೇಲಿನಿಂದ ಬರುವ ನೀರೂ ಕಡಿಮೆ ಕೇಡಲ್ಲ. ರೆಡ್ ಆಕ್ಸೈಡ್ ನೆಲವನ್ನು ಬಕೆಟ್ ನೀರಿಟ್ಟುಕೊಂಡು ಒರೆಸಿ ಬೆಳೆದ ಕನ್ನಡಿಗರು ಅಲ್ಲಿ ಬಿಡಬೇಕಾದ ಮೊದಲ ಅಭ್ಯಾಸ ಅದೇ. ಓಕ್ ನೆಲಕ್ಕೆ ಗಟ್ಟಿಯಾಗಿ ಹಿಂಡಿದ ಬಟ್ಟೆ ಸಾಕು, ತೋಯಿಸುವುದಂತೂ ಸಲ್ಲ.

ಕಲೆಗಳಿಗೂ ಕಾರಣವುಂಟು. ಬಿಳಿಯ ಮಬ್ಬು ಕಂಡರೆ ತೇವ ಇನ್ನೂ ಪಾಲಿಶ್ ಪದರದಲ್ಲೇ ಇದೆಯೆಂದು ತಿಳಿಯಬಹುದು. ಕಪ್ಪು ಕಲೆಯಾದರೆ ಅದು ಮರಕ್ಕೇ ಇಳಿದಿದೆ. ಓಕ್‌ನಲ್ಲಿ ಟ್ಯಾನಿನ್ ಧಾರಾಳ. ಕಬ್ಬಿಣವೂ ನೀರೂ ಸೇರಿದರೆ ಅದು ಕಪ್ಪಾಗುತ್ತದೆ. ಯುರೋಪಿನಲ್ಲಿ ಶತಮಾನಗಳ ಕಾಲ ಬರೆಯಲು ಬಳಸಿದ ಶಾಯಿಯ ರಸಾಯನವೂ ಇದೇ. ಆದ್ದರಿಂದಲೇ ಸೋರುವ ಹಳೆಯ ಕಬ್ಬಿಣದ ರೇಡಿಯೇಟರಿನ ಕಾಲಡಿ, ಉಪ್ಪುಗಾಳಿಗೆ ತುಕ್ಕು ಹಿಡಿದ ಮೊಳೆಗಳ ಸುತ್ತ ಕಪ್ಪು ಉಂಗುರಗಳು. ಆಕ್ಸಾಲಿಕ್ ಆಮ್ಲ ಇವನ್ನು ತಿಳಿಯಾಗಿಸುತ್ತದೆ, ಆದರೆ ಅದು ವಿಷ. ಬಾಡಿಗೆದಾರ ಕೈ ಹಾಕುವ ಕೆಲಸವಲ್ಲ. ಇನ್ನು ಚಪ್ಪಲಿಗಂಟಿ ಬರುವ ಕಡಲ ಮರಳು. ಅದರಲ್ಲಿ ಹೆಚ್ಚಾಗಿರುವ ಕ್ವಾರ್ಟ್ಜ್‌ನ ಗಡಸುತನ ಮೋಹ್ಸ್ ಮಾಪಕದಲ್ಲಿ 7. ಸಾಮಾನ್ಯ ಪಾಲಿಶ್ ಪದರ ಅದರೆದುರು ನಿಲ್ಲದು. ಹೊಸ್ತಿಲಲ್ಲೊಂದು ಒರಟು ಕಾಲೊರಸು ಹಾಸುವುದೇ ಉಪಾಯ.

ಇಂಥ ಕಲೆಗಳಿಗೆ ಠೇವಣಿ ಕಳೆದುಕೊಳ್ಳದಿರಲು ಬಾಡಿಗೆದಾರನಿಗೆ ಕಾನೂನು ಗೊತ್ತಿರಬೇಕು. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನಿನಂತೆ ಮಾಲೀಕ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಸಹಜ ಸವೆತಕ್ಕೆಂದು ಅದರಲ್ಲಿ ಹಣ ಮುರಿದುಕೊಳ್ಳುವಂತೆಯೂ ಇಲ್ಲ. ಠೇವಣಿ ಪಡೆದವನು ಮನೆಯ ಸ್ಥಿತಿಯನ್ನು ಬರೆದುಕೊಡಬೇಕು. ಅದಕ್ಕೆ ತನ್ನ ತಿದ್ದುಪಡಿ ಸೇರಿಸಿ ಹಿಂದಿರುಗಿಸಲು ಬಾಡಿಗೆದಾರನಿಗೆ 15 ದಿನ ಅವಕಾಶವಿದೆ. ರೇಡಿಯೇಟರ್ ಕೆಳಗಿನ ಕಪ್ಪು ಕಲೆಯನ್ನೂ ಅಂಚು ಎದ್ದ ಹಲಗೆಗಳನ್ನೂ ಫೋಟೊ ಸಮೇತ ಆ ಪಟ್ಟಿಗೆ ಸೇರಿಸಬೇಕಾದದ್ದು ಆಗಲೇ. ಚಳಿಗಾಲದ ಸಂದಿಗಳು ಸೆಪ್ಟೆಂಬರಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅವುಗಳ ಫೋಟೊವನ್ನು ಜನವರಿಯಲ್ಲಿ ತೆಗೆದು, ಆ ದಿನ ಆರ್ದ್ರತೆ ಅಳೆಯುವ ಹೈಗ್ರೊಮೀಟರ್ ತೋರಿಸಿದ ಅಂಕಿಯ ಸಮೇತ ಮಾಲೀಕನಿಗೆ ಕಳಿಸಿಟ್ಟರಾಯಿತು.