ಮೆಕ್ಕೆಜೋಳದ ನಡುವೆ ಬಾಡಿಗೆಯ ಹುಲ್ಲು

ಅಮೆರಿಕದ ಆಯೋವಾ ರಾಜ್ಯದ ಜಾಸ್ಪರ್ ಕೌಂಟಿಯಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳ, ಬಿಟ್ಟರೆ ಸೋಯಾ. ಅದನ್ನೇ ನೋಡಿ ನೋಡಿ ಬೇಸತ್ತ ಕಣ್ಣಿಗೆ ಪ್ರೇರಿ ಸಿಟಿ ಬಳಿಯ ನೀಲ್ ಸ್ಮಿತ್ ವನ್ಯಜೀವಿ ಧಾಮದಲ್ಲಿ ಒಂದು ವಿಚಿತ್ರ ಬಿತ್ತು. ಇಳಿಜಾರು ಹೊಲಕ್ಕೆ ಅಡ್ಡಲಾಗಿ, ಬೆಳೆಯ ನಡುವೆಯೇ, ಆಳೆತ್ತರದ ಹುಲ್ಲಿನ ಪಟ್ಟಿ! ಒಳಗೆ ನುಗ್ಗಿದೆ. ಹಳದಿ ಹೂವಿನ ಕಾಂಪಸ್ ಗಿಡದ ಎಲೆ ಬೆರಳಿಗೆ ತರಿತರಿ. ಅಂಚುಗಳು ಉತ್ತರ-ದಕ್ಷಿಣಕ್ಕೆ ತಿರುಗಿ ನಿಂತಿವೆ. ಇದರ ಬೇರು ಹತ್ತಡಿಗೂ ಕೆಳಗೆ ಇಳಿಯುತ್ತದೆ. ಹೂವಿನ ತುಂಬ ಜೇನ್ನೊಣ. ನಾಲ್ಕು ಹೆಜ್ಜೆ ಆಚೆ ಮೆಕ್ಕೆಜೋಳದ ಸಾಲಿನಲ್ಲಿ ಒಂದೂ ಇಲ್ಲ.

ಇದು ಆಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2007ರಲ್ಲಿ ಶುರು ಮಾಡಿದ ಪ್ರಯೋಗ. ಹೊಲದ ಹತ್ತರಲ್ಲೊಂದು ಪಾಲು ಹುಲ್ಲಿಗೆ ಬಿಟ್ಟದ್ದಕ್ಕೆ ಹರಿದುಹೋಗುವ ನೀರು ಶೇ 37ರಷ್ಟು ತಗ್ಗಿತು, ಕೊಚ್ಚಿಹೋಗುವ ಮಣ್ಣು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯಿತು ಎಂದು 2017ರಲ್ಲಿ ಲೆಕ್ಕ ಪ್ರಕಟವಾಯಿತು. ಉಳಿದ ನೆಲದ ಎಕರೆವಾರು ಇಳುವರಿ ಕುಸಿಯಲಿಲ್ಲ. ಬದುವಿನ ಮೇಲೆ ಹುಲ್ಲು ಬಿಡುವ ನಮ್ಮ ರೈತರು ಇದಕ್ಕೆಲ್ಲ ಬೆರಗಾಗಲಾರರು. ಅವರ ಕಿವಿ ನೆಟ್ಟಗಾಗುವುದು ಆ ಹುಲ್ಲಿಗೆ ಸರ್ಕಾರ ಬಾಡಿಗೆ ಕೊಡುತ್ತದೆ ಎಂದಾಗ.

ಧಾಮದ ಕತೆ ಇನ್ನೂ ಮಜವಾಗಿದೆ. ಈ ನೆಲವನ್ನು ಹಿಂದೆ ಅಣುವಿದ್ಯುತ್ ಸ್ಥಾವರಕ್ಕೆಂದು ಕೊಂಡಿದ್ದರು. ಸ್ಥಾವರ ಬರಲಿಲ್ಲ. ಮತ್ತೆ ಹುಲ್ಲುಗಾವಲು ಎಬ್ಬಿಸೋಣವೆಂದರೆ ಬೀಜ ಎಲ್ಲಿ? ಆಯೋವಾದ ಮೂಲ ಹುಲ್ಲುಗಾವಲಿನಲ್ಲಿ ನೂರಕ್ಕೆ ಒಂದು ಪಾಲೂ ಉಳಿದಿಲ್ಲ. ನೇಗಿಲು ಮುಟ್ಟದ ಜಾಗ ಅಂದರೆ ರೈಲು ಹಳಿಯ ಅಂಚು, ರಸ್ತೆಬದಿ, ಹಳೆಯ ಸ್ಮಶಾನ. ಊರಿನ ಮೊದಲ ಒಕ್ಕಲಿಗರನ್ನು ಹೂಳಿದ ಜಾಗವನ್ನು ಯಾರೂ ಉಳಲಿಲ್ಲ, ಅದಕ್ಕೇ ಬೀಜ ಉಳಿಯಿತು. ಜೀವನವಿಡೀ ಆ ಹುಲ್ಲನ್ನು ಉತ್ತು ಮುಗಿಸಿದವರೇ ಸತ್ತ ಮೇಲೆ ಅದನ್ನು ಕಾದರು! ಅಂಥ ಮೂಲೆಗಳಿಂದ ಬೀಜ ಆಯ್ದು ತಂದು ಬಿತ್ತಿದ್ದಾರೆ. ಈಗ ಅಲ್ಲಿ ಕಾಡೆಮ್ಮೆಯ ನೆಂಟ ಬೈಸನ್ ಮೇಯುತ್ತದೆ.

ಬಾಡಿಗೆಯ ವಿಷಯಕ್ಕೆ ಬರೋಣ. 1956ರಲ್ಲೇ ಐಸೆನ್‌ಹೋವರ್ ಸರ್ಕಾರ ನೆಲ ಬೀಳುಬಿಟ್ಟವರಿಗೆ ಹಣ ಕೊಟ್ಟಿತ್ತು. ಎಪ್ಪತ್ತರ ದಶಕದಲ್ಲಿ ಧಾನ್ಯದ ಬೆಲೆ ಏರಿದ್ದೇ ತಡ, ಬೀಳು ನೆಲಕ್ಕೆಲ್ಲ ಮತ್ತೆ ನೇಗಿಲು ಬಿತ್ತು. 1985ರ ಕೃಷಿ ಕಾಯ್ದೆಯಿಂದ ಹೊಸ ಯೋಜನೆ ಬಂತು: 10ರಿಂದ 15 ವರ್ಷದ ಕರಾರು, ಕೌಂಟಿಯ ಗುತ್ತಿಗೆ ದರ ಮತ್ತು ಮಣ್ಣಿನ ಗುಣ ನೋಡಿ ವರ್ಷಾವರ್ಷ ಬಾಡಿಗೆ. 2007ರಲ್ಲಿ 3.68 ಕೋಟಿ ಎಕರೆ ಇದರಲ್ಲಿತ್ತು. ಆಮೇಲೆ ಎಥೆನಾಲ್ ಭರಾಟೆಯಲ್ಲಿ ಮೆಕ್ಕೆಜೋಳದ ದರ ಜಿಗಿಯಿತು, ಕರಾರು ಮುಗಿದವರು ಟ್ರ್ಯಾಕ್ಟರ್ ಹೊರತೆಗೆದರು. 2014ರ ಕಾಯ್ದೆ ಯೋಜನೆಯ ಮಿತಿಯನ್ನೇ 2.4 ಕೋಟಿ ಎಕರೆಗೆ ಇಳಿಸಿತು.

ಹಾಗಾಗಿ ಹೊಲಕ್ಕೆ ಹೊಲವನ್ನೇ ಬೀಳು ಬಿಡಿಸುವ ಸಬ್ಸಿಡಿಯ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಪಟ್ಟಿಯ ಲೆಕ್ಕ ಬೇರೆ. ರೈತ ಕಳೆದುಕೊಳ್ಳುವ ನೆಲ ಕಡಿಮೆ, ಬೆಲೆ ಏರಿದಾಗ ಅದನ್ನು ಕಿತ್ತುಹಾಕುವ ಆಸೆಯೂ ಕಡಿಮೆ. 2018ರ ಕಾಯ್ದೆ ಇಂಥ ಪಟ್ಟಿಗಳನ್ನೂ ಯೋಜನೆಗೆ ಸೇರಿಸಿತು. ಅದೇ ಕಾಯ್ದೆ, ನೀರು ಕಾಯುವ ಕೆಲವು ಬಗೆಯ ನೆಲಕ್ಕೆ ಹಳೆಯ ಕರಾರು ಮುಗಿದ ಮೇಲೆ 30 ವರ್ಷದ ಕರಾರನ್ನೂ ತಂದಿತು. ಪಟ್ಟಿ ಬಿಡುವ ರೈತನಿಗೆ ಆ 30 ವರ್ಷ ಮೊದಲ ಸಲವೇ ಸಿಗಬೇಕು.