ಗದ್ವಾಲ–ಮಕ್ತಲ್ ಸೀಮೆಯ ಹಾಡು: ಹಿಡಿದಿಡಲು ಎಂಥ ಕಂಪ್ಯೂಟರ್ ಬೇಕು?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಸಂಗತಿಯನ್ನು ನಮ್ಮ ವಾಚಕರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಅದೇ ದಿನ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲೂಕುಗಳೂ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ತಾಲೂಕೂ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದುವು ಎಂಬುದು ಮಾತ್ರ ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಮುಂದೆ 2014ರಲ್ಲಿ ಆ ಭಾಗ ತೆಲಂಗಾಣವಾಯಿತು. 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ಬೇರೆ ಬೇರೆ ಜಿಲ್ಲೆಗಳಾದುವು; ಮಕ್ತಲ್ ನಾರಾಯಣಪೇಟೆ ಜಿಲ್ಲೆಯಲ್ಲಿ ಉಳಿಯಿತು. ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು. ಮನೆಯೊಳಗೆ ಕನ್ನಡವಾಡುವ ಕುಟುಂಬಗಳು ಕೃಷ್ಣೆಯ ಆಚೆ ದಡದಲ್ಲಿ ಈಗಲೂ ಇವೆ.

ಆ ಸೀಮೆಗೂ ಕನ್ನಡದ ಹಾಡಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ವಿಜಯದಾಸರ ಶಿಷ್ಯರಾಗಿ ‘ಗೋಪಾಲ ವಿಠಲ’ ಅಂಕಿತದಲ್ಲಿ ಪದಗಳನ್ನು ರಚಿಸಿದ ಗೋಪಾಲದಾಸರು ನೆಲೆಸಿದ್ದ ಉತ್ತನೂರು ಇರುವುದು ಗದ್ವಾಲ ಸೀಮೆಯಲ್ಲಿಯೇ. ‘ವಾಸುದೇವ ವಿಠಲ’ ಅಂಕಿತದ ವ್ಯಾಸತತ್ತ್ವಜ್ಞತೀರ್ಥರ ಬೃಂದಾವನವಿರುವ ವೇಣೀಸೋಮಪುರವೂ ಅಲ್ಲಿಯದೇ. ಈ ಮಹನೀಯರ ಪದಗಳು ಅಚ್ಚಾಗಿ ಪುಸ್ತಕಗಳಲ್ಲಿ ದೊರೆಯುತ್ತವೆ. ಆದರೆ ಪುಸ್ತಕದಲ್ಲಿ ಪದವಿರುತ್ತದೆಯೇ ಹೊರತು ಧಾಟಿ ಇರುವುದಿಲ್ಲ. ಯಾವ ನುಡಿಯಲ್ಲಿ ದನಿ ಏರಬೇಕು, ಪಲ್ಲವಿಗೆ ಹೇಗೆ ಹಿಂದಿರುಗಬೇಕು ಎಂಬುದು ಹಾಡುವವರ ಕಂಠದಲ್ಲಿ ಮಾತ್ರ ಉಂಟು. ಬೀಸುವ ಪದ, ಸೋಬಾನೆ ಪದಗಳ ವಿಚಾರದಲ್ಲಂತೂ ಎಷ್ಟೋ ಮನೆಗಳಲ್ಲಿ ಪದವೂ ಕಾಗದಕ್ಕೆ ಇಳಿದಿಲ್ಲ. ಮಕ್ಕಳು ಶಾಲೆಯಲ್ಲಿ ಬೇರೆ ಭಾಷೆ ಕಲಿಯುವ ಊರಿನಲ್ಲಿ ಅಜ್ಜಿಯೊಬ್ಬಳು ತೀರಿಕೊಂಡರೆ ಅವಳೊಂದಿಗೆ ಹೋಗುವುದು ಏನೆಂಬುದು ನಮಗೆ ತಿಳಿಯದ್ದಲ್ಲ.

ಈಗ ಆ ಕಡೆಯ ಒಂದು ಭಜನಾ ಮಂಡಳಿಯೋ ಕನ್ನಡ ಶಾಲೆಯೋ ಹಣ ಕೂಡಿಸಿ, ಹಾಡುಗಳನ್ನು ಧ್ವನಿಮುದ್ರಿಸಿ ತಿದ್ದಿ ತೀಡಿ ಕೇಳುವಂತೆ ಮಾಡಲು ಒಂದು ಕಂಪ್ಯೂಟರ್ ಕೊಳ್ಳಹೊರಟಿದೆ ಎಂದಿಟ್ಟುಕೊಳ್ಳೋಣ. ಅಂಗಡಿಗೆ ಹೋದರೆ ಮಿಣುಮಿಣುಕುವ ದೀಪಗಳ ದೊಡ್ಡ ಪೆಟ್ಟಿಗೆಯನ್ನೇ ಮೊದಲು ತೋರಿಸುತ್ತಾರೆ. ಅದು ಆಟವಾಡುವವರಿಗೆ ಬೇಕಾದದ್ದು. ಅದರ ಬೆಲೆಯಲ್ಲಿ ದೊಡ್ಡ ಪಾಲು ಚಿತ್ರಗಳನ್ನು ವೇಗವಾಗಿ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ. ಹಾಡಿನ ಕೆಲಸಕ್ಕೆ ಅದರಿಂದ ಹೇಳುವಂಥ ಪ್ರಯೋಜನವಿಲ್ಲ. ಸಂಗೀತಕ್ಕೆ ಊಟದ ಡಬ್ಬಿಯಷ್ಟೇ ಗಾತ್ರದ ‘ಮಿನಿ’ ಕಂಪ್ಯೂಟರ್ ಧಾರಾಳ ಸಾಕು.

ಮೊದಲು ಕೆಲಸ, ಆಮೇಲೆ ಯಂತ್ರ

ಸಂಗೀತದ ಕೆಲಸದಲ್ಲಿ ಎರಡು ಬಗೆಗಳುಂಟು. ಇದ್ದ ದನಿಯನ್ನು ಹಿಡಿಯುವುದು ಒಂದು. ತಬಲಾ, ಕೊಳಲು, ತಂಬೂರಿಗಳ ನಾದವನ್ನು ಕಂಪ್ಯೂಟರಿನಿಂದಲೇ ಹೊರಡಿಸಿ ಹಾಡು ಕಟ್ಟುವುದು ಇನ್ನೊಂದು. ಮೊದಲನೆಯದು ಯಂತ್ರಕ್ಕೆ ಭಾರವೇ ಅಲ್ಲ. ಸೆಕೆಂಡಿಗೆ 48,000 ಮಾದರಿ, 24 ಬಿಟ್ ಎಂಬ ಉತ್ತಮ ದರ್ಜೆಯಲ್ಲಿ ಒಬ್ಬರ ದನಿಯನ್ನು ಒಂದು ಗಂಟೆ ಮುದ್ರಿಸಿದರೆ ತುಂಬುವ ಜಾಗ ಸುಮಾರು 520 ಎಂ.ಬಿ. ಹಾರ್ಮೋನಿಯಂ, ತಬಲಾ, ತಾಳ, ಹಿಮ್ಮೇಳವೆಂದು ಎಂಟು ಮೈಕುಗಳನ್ನಿಟ್ಟರೂ ಗಂಟೆಗೆ ನಾಲ್ಕು ಜಿ.ಬಿ.ಗಿಂತ ತುಸು ಹೆಚ್ಚು, ಅಷ್ಟೆ. ಎರಡನೆಯ ಬಗೆಯಲ್ಲಿ ವಾದ್ಯಗಳ ನಾದದ ಮಾದರಿಗಳನ್ನು ಯಂತ್ರ ತನ್ನ ನೆನಪಿನಲ್ಲಿ, ಎಂದರೆ ರ್‍ಯಾಮಿನಲ್ಲಿ, ಇಟ್ಟುಕೊಳ್ಳಬೇಕಾಗುತ್ತದೆ. ಅಲ್ಲಿ 8 ಜಿ.ಬಿ. ಬೇಗ ಸಾಲದಾಗುತ್ತದೆ. ಆದ್ದರಿಂದ 16 ಜಿ.ಬಿ. ರ್‍ಯಾಮ್, 512 ಜಿ.ಬಿ. ಎಸ್.ಎಸ್.ಡಿ. ಎಂಬುದನ್ನು ಮಂಡಳಿಯವರು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಇನ್ನೊಂದು ವಿಷಯವನ್ನು ತಿಳಿದಿರಬೇಕು. ದನಿ ಮೈಕಿನಿಂದ ಕಂಪ್ಯೂಟರಿಗೆ ಹೋಗಿ ಕಿವಿಗೆ ಮರಳುವಷ್ಟರಲ್ಲಿ ಕೊಂಚ ತಡವಾಗುತ್ತದೆ. ಯಂತ್ರ ಒಮ್ಮೆಗೆ 256 ಮಾದರಿಗಳನ್ನು ಕೂಡಿಸಿಕೊಂಡು ಕೆಲಸ ಮಾಡುವಂತೆ ಇಟ್ಟರೆ ಆ ಒಂದು ಹಂತದ ತಡ ಸೆಕೆಂಡಿನ ಸಾವಿರದ ಐದು ಭಾಗ. 1024ಕ್ಕೆ ಇಟ್ಟರೆ ಇಪ್ಪತ್ತೊಂದು ಭಾಗ. ಐದು ಕಿವಿಗೆ ಗೊತ್ತಾಗದು; ಇಪ್ಪತ್ತೊಂದಾದರೆ ಹಾಡುವವರ ತಾಳ ತಪ್ಪುತ್ತದೆ. ಮುದ್ರಿಸುವಾಗ ಚಿಕ್ಕ ಸಂಖ್ಯೆ, ತಿದ್ದುವಾಗ ದೊಡ್ಡ ಸಂಖ್ಯೆ ಎಂಬುದು ರೂಢಿ. ಚಿಕ್ಕ ಸಂಖ್ಯೆಯಲ್ಲಿಯೂ ದನಿ ಪಟಪಟನೆ ಒಡೆಯದಂತೆ ನಡೆಸುವುದೇ ಪ್ರೊಸೆಸರಿನ ಸಾಮರ್ಥ್ಯದ ಪರೀಕ್ಷೆ.

ಮೂರು ದಾರಿಗಳು

ಆ್ಯಪಲ್ ಕಂಪೆನಿ 2005ರಲ್ಲಿ ಹೊರತಂದ ಮ್ಯಾಕ್ ಮಿನಿ ಈ ಜಾತಿಯಲ್ಲಿ ಹೆಸರಾದದ್ದು. 2024ರಲ್ಲಿ ಬಂದ ಎಂ4 ಮಾದರಿ ಉದ್ದಗಲದಲ್ಲಿ 12.7 ಸೆಂಟಿಮೀಟರ್, ಎತ್ತರದಲ್ಲಿ 5 ಸೆಂಟಿಮೀಟರ್ ಮಾತ್ರ. ಅದರ ಮೊದಲ ದರ್ಜೆಗೇ 16 ಜಿ.ಬಿ. ರ್‍ಯಾಮ್ ಇತ್ತು; ಬಿಡುಗಡೆಯ ವೇಳೆ ಭಾರತದಲ್ಲಿ ಬೆಲೆ 59,900 ರೂಪಾಯಿ. ಸದ್ದು ಬಲು ಕಡಿಮೆ. ಗರಾಜ್‌ಬ್ಯಾಂಡ್ ಎಂಬ ಸಂಗೀತದ ತಂತ್ರಾಂಶ ಪುಕ್ಕಟೆ. ಆದರೆ ಪರದೆ, ಕೀಲಿಮಣೆ, ಮೌಸ್ ಬೇರೆಯೇ ಕೊಳ್ಳಬೇಕು. ರ್‍ಯಾಮನ್ನು ಮುಂದೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವ ದಿನ ಎಷ್ಟೋ, ಕೊನೆಯ ದಿನವೂ ಅಷ್ಟೇ.

ಎರಡನೆಯದು ವಿಂಡೋಸ್ ನಡೆಯುವ ಹೊಸ ಮಿನಿ ಕಂಪ್ಯೂಟರುಗಳು. ಇವುಗಳಲ್ಲಿ ಹೆಸರು ಮಾಡಿದ್ದ ‘ನಕ್’ ಪೆಟ್ಟಿಗೆಗಳನ್ನು ಮಾಡುವುದನ್ನು ಇಂಟೆಲ್ 2023ರಲ್ಲಿ ಬಿಟ್ಟಿತು. ಅದನ್ನು ಏಸಸ್ ಮುಂದುವರಿಸಿತು. ಈ ಬಗೆಯ ಎಷ್ಟೋ ಯಂತ್ರಗಳಲ್ಲಿ ರ್‍ಯಾಮನ್ನೂ ಎಸ್.ಎಸ್.ಡಿ.ಯನ್ನೂ ಮುಂದೆ ಹೆಚ್ಚಿಸಬಹುದು. ಹೆಚ್ಚಿಸಬಹುದೋ ಇಲ್ಲವೋ ಎಂಬುದನ್ನು ಹಣ ಕೊಡುವ ಮೊದಲು ಕೇಳಿ ತಿಳಿಯಬೇಕು.

ಮೂರನೆಯದು, ಕಚೇರಿಗಳಲ್ಲಿ ಬಳಸಿ ಬಿಟ್ಟ ಪುಟ್ಟ ಯಂತ್ರಗಳು: ಲೆನೊವೊ ಕಂಪೆನಿಯ ಥಿಂಕ್‌ಸೆಂಟರ್ ಟೈನಿ, ಡೆಲ್‌ನ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್.ಪಿ.ಯ ಎಲೈಟ್‌ಡೆಸ್ಕ್ ಮಿನಿ. ಸಣ್ಣ ಮಂಡಳಿಗೆ ಹೊಂದುವುದು ಬಹುಮಟ್ಟಿಗೆ ಇದೇ. ಆದರೆ ಇಲ್ಲಿ ಎಚ್ಚರ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಸರಿಯಾಗಿ ಒಪ್ಪಬೇಕಾದರೆ ಇಂಟೆಲ್ ಪ್ರೊಸೆಸರ್ ಎಂಟನೆಯ ತಲೆಮಾರಿನದಾದರೂ ಇರಬೇಕು. ‘ಐ7’ ಎಂದು ದೊಡ್ಡದಾಗಿ ಹೇಳಿ ನಾಲ್ಕನೆಯ ತಲೆಮಾರಿನದನ್ನು ಕೊಡುವ ವ್ಯಾಪಾರಿಗಳೂ ಇದ್ದಾರೆ. ‘ಐ’ ಅಕ್ಷರದ ಮುಂದಿನ ಅಂಕಿಗಿಂತ ಅಡ್ಡಗೆರೆಯ ಮುಂದಿನ ಅಂಕಿಯನ್ನು ನೋಡಬೇಕು: 8500 ಎಂದಿದ್ದರೆ ಎಂಟನೆಯ ತಲೆಮಾರು, 4770 ಎಂದಿದ್ದರೆ ನಾಲ್ಕನೆಯದು. ಹಳೆಯದೇ ದೊರೆತರೆ ಲಿನಕ್ಸ್ ಹಾಕಿಕೊಂಡು ಕೆಲಸ ನಡೆಸಬಹುದು. ಆಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಗದ್ದಲ, ಬಿಸಿಲು, ವಿದ್ಯುತ್ತು

ಬೆಲೆಪಟ್ಟಿಯಲ್ಲಿ ಕಾಣದ ಮೂರು ಸಂಗತಿಗಳಿವೆ. ಪುಟ್ಟ ಯಂತ್ರದ ಪುಟ್ಟ ಫ್ಯಾನು ಬಿಸಿಯಾದಾಗ ಸೊಳ್ಳೆಯಂತೆ ಗುಂಯ್‌ಗುಟ್ಟುತ್ತದೆ; ಆ ಸದ್ದು ನೇರವಾಗಿ ಮೈಕಿಗೆ ಬೀಳುತ್ತದೆ. ಆದ್ದರಿಂದ ಯಂತ್ರವನ್ನು ಮೈಕಿನ ಬೆನ್ನ ಹಿಂದೆ, ಸಾಧ್ಯವಾದರೆ ಪಕ್ಕದ ಕೋಣೆಯಲ್ಲಿ ಇಡಬೇಕು. ಗದ್ವಾಲ, ಮಕ್ತಲ್‌ಗಳಲ್ಲಿ ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದುಂಟು. ಅಂಥಲ್ಲಿ ಯಂತ್ರವನ್ನು ಕಪಾಟಿನೊಳಗೆ ಮುಚ್ಚಿಡಬಾರದು; ಗಾಳಿಯ ಕಿಂಡಿಯ ಧೂಳು ತೆಗೆಯುತ್ತಿರಬೇಕು; ಧ್ವನಿಮುದ್ರಣವನ್ನು ನಸುಕಿನಲ್ಲಿ ಇಟ್ಟುಕೊಂಡರೆ ಯಂತ್ರಕ್ಕೂ ಹಾಡುವ ಹಿರಿಯರಿಗೂ ಹಿತ. ಇನ್ನು ಲ್ಯಾಪ್‌ಟಾಪಿಗೆ ಇರುವಂತೆ ಇವಕ್ಕೆ ಬ್ಯಾಟರಿ ಇಲ್ಲ. ನಡುವೆ ವಿದ್ಯುತ್ ಹೋದರೆ ಹಾಡಿದ್ದೆಲ್ಲ ಹೋದೀತು. ಚಿಕ್ಕದೊಂದು ಯು.ಪಿ.ಎಸ್. ಕೊಳ್ಳದೆ ಇಂಥ ಯಂತ್ರ ಕೊಳ್ಳುವುದು ಕೊಡೆಯಿಲ್ಲದೆ ಆಷಾಢದಲ್ಲಿ ಹೊರಟಂತೆ.

ಹಣವನ್ನು ಹಂಚುವ ಬಗೆ

ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಇಷ್ಟೇ: ಕೂಡಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಂಪ್ಯೂಟರಿಗೆ ಹಾಕಬಾರದು. ಉಳಿದದ್ದು ಒಳ್ಳೆಯ ಮೈಕಿಗೆ, ಮೈಕಿನ ದನಿಯನ್ನು ಯು.ಎಸ್.ಬಿ. ಮೂಲಕ ಕಂಪ್ಯೂಟರಿಗೆ ಒಯ್ಯುವ ಆಡಿಯೊ ಇಂಟರ್‌ಫೇಸಿಗೆ, ಹೆಡ್‌ಫೋನಿಗೆ, ಯು.ಪಿ.ಎಸ್.ಗೆ, ಎರಡು ಹೊರಗಿನ ಡಿಸ್ಕುಗಳಿಗೆ ಬೇಕು. ಕಳಪೆ ಮೈಕಿನಲ್ಲಿ ಮಸುಕಾಗಿ ಬಂದ ದನಿಯನ್ನು ಎಷ್ಟು ಬೆಲೆಯ ಪ್ರೊಸೆಸರೂ ತಿಳಿ ಮಾಡಲಾರದು. ಹಣ ಇನ್ನೂ ಕೂಡಿಲ್ಲವೇ? ಕೈಯಲ್ಲಿರುವ ಮೊಬೈಲಿನಲ್ಲಿ, ಫ್ಯಾನು ನಿಲ್ಲಿಸಿ, ಬಾಗಿಲು ಮುಚ್ಚಿ, ಇಂದೇ ಮುದ್ರಿಸಲು ತೊಡಗಬಹುದು. ಕಂಪ್ಯೂಟರ್ ಮುಂದಿನ ವರ್ಷವೂ ಅಂಗಡಿಯಲ್ಲಿ ದೊರೆಯುತ್ತದೆ; ಎಂಬತ್ತು ದಾಟಿದ ಕಂಠ ಹಾಗಲ್ಲ.

ಮುದ್ರಿಸಿದ ಹಾಡಿನ ಮೂಲ ಪ್ರತಿಯನ್ನು ‘ವೇವ್’ ರೂಪದಲ್ಲಿಯೇ ಇಟ್ಟು, ಹಂಚಲು ಮಾತ್ರ ಎಂ.ಪಿ.3 ಮಾಡಬೇಕು. ಕಡತದ ಹೆಸರಿನಲ್ಲಿ ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ಇಂದಿನ ಯಂತ್ರಗಳು ಕನ್ನಡ ಬಲ್ಲವು. ಒಂದು ಡಿಸ್ಕು ಶಾಲೆಯಲ್ಲಿ, ಇನ್ನೊಂದು ಬೇರೊಂದು ಮನೆಯಲ್ಲಿ ಇರಲಿ. ಹಾಡಿದವರ ಒಪ್ಪಿಗೆ ಪಡೆಯುವುದನ್ನೂ ಅವರ ಮನೆಗೊಂದು ಪ್ರತಿ ಕೊಡುವುದನ್ನೂ ಮರೆಯಲಾಗದು.

ಇದು ಕೃಷ್ಣೆಯ ದಂಡೆಯವರಿಗೆ ಮಾತ್ರ ಹೇಳಿದ ಮಾತಲ್ಲ. ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಯಕ್ಷಗಾನದ ಹಳೆಯ ಧಾಟಿಗಳನ್ನು ಬಲ್ಲ ಹಿರಿಯರು ನಮ್ಮ ನಡುವೆಯೂ ಇದ್ದಾರೆ, ಭಜನಾ ಮಂದಿರಗಳೂ ಇವೆ. ಗಡಿ ನಮ್ಮನ್ನು ಕೇಳಿ ಹಾಕಿದ್ದಲ್ಲ. ಗಡಿಯೊಳಗಿನ ದನಿಯನ್ನು ಹಿಡಿದಿಡುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ, ಒಂದು ಒಳ್ಳೆಯ ಮೈಕು, ವಾರಕ್ಕೊಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಬಲ್ಲ ಇಬ್ಬರು ಯುವಕರು ಇದ್ದರೆ ಸಾಕು.